ಹಿತ್ತಲ ಕೋಣೆಗೂ ವೈಫೈ

ಅಕ್ಕಂದಿರೇ, ಈಗ ಎಷ್ಟೋ ಮನೆಗಳಲ್ಲಿ ವೈಫೈ ಇದೆ. ವೈಫೈ ಅಂದರೆ ತಂತಿ ಇಲ್ಲದೆ ಫೋನಿಗೆ ಇಂಟರ್‌ನೆಟ್ ಬರುವುದು. ಅದನ್ನು ಹಂಚುವ ಪೆಟ್ಟಿಗೆಯೇ ರೂಟರ್.

ರೂಟರ್ ಮುಂದಿನ ಮನೆಯಲ್ಲಿ ಇರುತ್ತದೆ. ನಮ್ಮ ಹೊಲಿಗೆ ಮೆಷಿನ್ ಹಿತ್ತಲ ಕೋಣೆಯಲ್ಲಿ ಇರುತ್ತದೆ. ಅಲ್ಲಿ ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಗಿರಾಕಿ ಕಳಿಸಿದ ರವಿಕೆ ಚಿತ್ರ ಕಾಣುವುದಿಲ್ಲ. ಹಣ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ. ಹೀಗೇಕೆ?

ವೈಫೈ ಕಣ್ಣಿಗೆ ಕಾಣದ ಅಲೆ. ದೂರ ಹೋದಂತೆ ಅದು ಸೊರಗುತ್ತದೆ. ದಪ್ಪ ಗೋಡೆ ಅದನ್ನು ತಡೆಯುತ್ತದೆ. ತಗಡು ಇನ್ನೂ ಹೆಚ್ಚು ತಡೆಯುತ್ತದೆ.

ಏನು ಮಾಡೋಣ?

1. ಮೊದಲು ಖರ್ಚಿಲ್ಲದ ಕೆಲಸ. ರೂಟರನ್ನು ಹಿತ್ತಲ ಕಡೆಯ ಕಿಟಕಿ ಹತ್ತಿರ, ಎತ್ತರದಲ್ಲಿ ಇಡೋಣ. ಬೀರುವಿನೊಳಗೆ ಬೇಡ. ಹಲವು ರೂಟರ್‌ಗಳಲ್ಲಿ 2.4 ಮತ್ತು 5 ಎಂಬ ಎರಡು ಬಗೆಯ ಅಲೆ ಇರುತ್ತವೆ. 5ಕ್ಕೆ ವೇಗ ಹೆಚ್ಚು. ಆದರೆ ಗೋಡೆ ದಾಟಿ ದೂರ ಹೋಗುವುದು 2.4. ಹಿತ್ತಲಲ್ಲಿ 2.4 ಆರಿಸೋಣ.

2. ಸಾಲದಿದ್ದರೆ ರಿಪೀಟರ್. ಇದು ಅಲೆಯನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಅಲೆ ಚೆನ್ನಾಗಿ ಸಿಗುವ ಕಡೆಯೇ ಇದನ್ನು ಇಡಬೇಕು. ಕೈಯಲ್ಲಿ ಇದ್ದರೆ ತಾನೇ ಹಂಚುವುದು? ಇದರಿಂದ ವೇಗ ಸ್ವಲ್ಪ ತಗ್ಗಬಹುದು.

3. ಗಟ್ಟಿ ದಾರಿ ಕೇಬಲ್. ರೂಟರಿನಿಂದ ಹಿತ್ತಲ ಕೋಣೆಗೆ ಲ್ಯಾನ್ ಕೇಬಲ್ ಎಳೆಯಬೇಕು. ಆ ತುದಿಗೆ ಇನ್ನೊಂದು ವೈಫೈ ಪೆಟ್ಟಿಗೆ ಹಾಕಬೇಕು. ಕೇಬಲ್ ಉದ್ದ 100 ಮೀಟರ್ ಮೀರಬಾರದು. ಬಿಸಿಲು, ಮಳೆ ತಡೆಯುವ ಕೇಬಲನ್ನೇ ಕೇಳಿ ತರೋಣ. ಅದನ್ನು ಕರೆಂಟ್ ವೈರಿನ ಪೈಪಿನಲ್ಲಿ ಸೇರಿಸಬಾರದು.

ಎಚ್ಚರ!

ಲ್ಯಾನ್ ಕೇಬಲಿನ ಒಳಗೆ ತಾಮ್ರ ಇದೆ. ಹತ್ತಿರ ಸಿಡಿಲು ಬಡಿದರೆ ಅದರ ಹೊಡೆತ ಕೇಬಲಿನಲ್ಲಿ ಹರಿದು ಬರಬಹುದು. ಎರಡೂ ಕಡೆಯ ಪೆಟ್ಟಿಗೆ ಸುಡಬಹುದು. ಮುಟ್ಟಿದವರ ಜೀವಕ್ಕೂ ಅಪಾಯ. ಮೋಡ ಕಟ್ಟುವಾಗಲೇ ಪ್ಲಗ್ಗು, ಕೇಬಲ್ ಕಳಚೋಣ. ಗುಡುಗು ಶುರುವಾದ ಮೇಲೆ ಮುಟ್ಟುವುದು ಬೇಡ. ಲೋಹ ಇಲ್ಲದ ಫೈಬರ್ ಕೇಬಲ್ ಹಾಕಿದರೆ ಈ ಭಯ ಕಡಿಮೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಅದಕ್ಕೆ ಎರಡೂ ತುದಿಗೆ ಬೇರೆ ಪೆಟ್ಟಿಗೆ ಬೇಕು.

ಅಂಗಡಿಯವರು ತೋರಿಸಿದ್ದನ್ನೆಲ್ಲ ಕೊಳ್ಳಬೇಕಿಲ್ಲ. ಅಳತೆ ಬರೆದುಕೊಂಡು ಹೋಗೋಣ. ಬೇಕಾದ್ದನ್ನು ಹೆಸರು ಹಿಡಿದು ಕೇಳೋಣ. ಓದು ಕಲಿತಿದ್ದೇವೆ, ಪೆಟ್ಟಿಗೆ ಮೇಲೆ ಬರೆದದ್ದನ್ನೂ ಓದಿ ನೋಡೋಣ.

ಓದಿ, ಬರೆಯಿರಿ: ಅಲೆ, ತಗಡು, ತಾಮ್ರ, ಸಿಡಿಲು, ಕೇಬಲ್

ಉತ್ತರ ಹೇಳಿ:
1. ರಿಪೀಟರನ್ನು ಎಲ್ಲಿ ಇಡಬೇಕು?
2. ಗುಡುಗುವಾಗ ಯಾವುದನ್ನು ಮುಟ್ಟಬಾರದು? ಏಕೆ?
3. ನಿಮ್ಮ ಮನೆಯಿಂದ ಹಿತ್ತಲ ಕೋಣೆಗೆ ಎಷ್ಟು ಮೀಟರ್? ಟೇಪಿನಲ್ಲಿ ಅಳೆದು ಬರೆಯಿರಿ.