ಕಿಲೋ ಅಗ್ಗ, ಅಂಗಿ ತುಟ್ಟಿ

ಹಳೆ ಬಟ್ಟೆಯ ವ್ಯಾಪಾರದಲ್ಲಿ ಕೊಳ್ಳುವುದು ಕಿಲೋ ಲೆಕ್ಕ, ಮಾರುವುದು ಅಂಗಿ ಲೆಕ್ಕ. ಈ ಎರಡರ ನಡುವೆ ಎಷ್ಟು ದುಡ್ಡು ಸೋರಿಹೋಗುತ್ತದೆ ಎಂಬುದು ನೈರೋಬಿಯಲ್ಲಿ ನಾನೂ ನನ್ನ ಭಾವಮೈದನೂ ಸೇರಿ ತರಿಸಿದ ಮೊದಲ ಕಂಟೇನರಿನ ಲೆಕ್ಕಪುಸ್ತಕದಲ್ಲಿದೆ. ‘ಅಣ್ಣಾ, ಯಾವ ದೇಶದ ಮಾಲು ಒಳ್ಳೇದು?’ ಎಂದು ಈಗಲೂ ಊರಿನಿಂದ, ದುಬೈಯಿಂದ ಫೋನ್ ಮಾಡುವವರಿಗೆ ಆ ಪುಸ್ತಕದಿಂದಲೇ ಓದಿ ಹೇಳುತ್ತೇನೆ.

ಭಾವಮೈದನಿಗೆ ನೈರೋಬಿಯ ಗಿಕೊಂಬಾ ಮಾರುಕಟ್ಟೆಯ ಹತ್ತಿರ ಗೋಡೌನ್ ಇತ್ತು, ನನ್ನ ಹತ್ತಿರ ಉಳಿತಾಯವಿತ್ತು. ಎರಡು ಕೊಟೇಶನ್ ಬಂದಿದ್ದವು. ಒಂದು, ಇಂಗ್ಲೆಂಡಿನಲ್ಲಿ ವಿಂಗಡಿಸಿ ಬಿಗಿದ 45 ಕಿಲೋ ಬೇಲು, ಕಿಲೋಗೆ 1.25 ಡಾಲರ್. ಇನ್ನೊಂದು ಯುರೋಪಿನ ‘ಒರಿಜಿನಲ್’, ದಾನದ ಡಬ್ಬಿಗೆ ಬಿದ್ದದ್ದನ್ನು ವಿಂಗಡಿಸದೆ ಹಾಗೇ ಬಿಗಿದು ಕಳಿಸುವ ಮಾಲು. ಕಿಲೋಗೆ 75 ಸೆಂಟ್. ‘ಯಾರೂ ವಿಂಗಡಿಸಿಲ್ಲ ಅಂದ್ರೆ ಒಳ್ಳೇದನ್ನ ಯಾರೂ ಎತ್ತಿಟ್ಟುಕೊಂಡಿಲ್ಲ ಅಂತಲ್ವಾ ಭಾವ?’ ಎಂದ. ವಾದದಲ್ಲಿ ತಪ್ಪೇನೂ ಕಾಣಲಿಲ್ಲ. 550 ಬೇಲಿಗೆ ಹನ್ನೆರಡು ಸಾವಿರ ಡಾಲರಿಗೂ ಮೇಲೆ ಉಳಿಯುತ್ತಿತ್ತು. ಒರಿಜಿನಲ್‌ಗೇ ಹೂಂ ಅಂದೆವು. ಶೇ 30 ಮುಂಗಡ, ಹಡಗಿಗೆ ಮಾಲು ಏರಿದ್ದಕ್ಕೆ ರಶೀದಿಯಾದ ಬಿಲ್ ಆಫ್ ಲೇಡಿಂಗಿನ ನಕಲು ಬಂದ ದಿನ ಮಿಕ್ಕ ಶೇ 70. ಮಾಲು ಮೊಂಬಾಸಾ ಮುಟ್ಟುವ ಹೊತ್ತಿಗೆ ಪೂರ್ತಿ ಹಣ ಮಾರಿದವನ ಕೈ ಸೇರಿತ್ತು. ನಾವು ಮಾಲಿನ ಮುಖವನ್ನೇ ನೋಡಿರಲಿಲ್ಲ.

ಗೋಡೌನಿನಲ್ಲಿ ಪಟ್ಟಿ ಕತ್ತರಿಸಿದಾಗ ಬೇಲು ಒಮ್ಮೆಲೇ ಉಬ್ಬಿ, ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಮೇಲೆ ಎರಡು ಚೆಂದದ ಲಿನನ್ ಶರ್ಟು. ಅದರಡಿಯಲ್ಲಿ ಒಂಟಿ ಕೈಗವಸು, ಕಂಕುಳಲ್ಲಿ ಹಳದಿಗಟ್ಟಿದ ಬನಿಯನ್ನು, ಕಾಲರಿನೊಳಗೆ ಯಾವುದೋ ಮಗುವಿನ ಹೆಸರು ಹೊಲಿದಿದ್ದ ಶಾಲೆಯ ಸ್ವೆಟರು, ಎರಡು ಕಿಲೋ ತೂಗುವ ಚಳಿಗಾಲದ ಕೋಟು. ವಿಂಗಡಿಸಲು ಕೂತಿದ್ದ ಹೆಂಗಸು ಕೋಟಿನ ಜಿಪ್ ಒಂದು ಸಲ ಎಳೆದು ನೋಡಿದಳು, ಬರಲಿಲ್ಲ, ಫಾಗಿಯಾ ರಾಶಿಗೆ ಎಸೆದಳು. ಗಿಕೊಂಬಾದಲ್ಲಿ ಮೊದಲ ದರ್ಜೆಗೆ ಕ್ಯಾಮೆರಾ ಎನ್ನುತ್ತಾರೆ, ಕೊನೆಗೆ ಗುಡಿಸಿ ಮಾರುವುದು ಫಾಗಿಯಾ. ಸಂಜೆಯ ಹೊತ್ತಿಗೆ ಫಾಗಿಯಾ ರಾಶಿ ಆಳೆತ್ತರ ಬೆಳೆದಿತ್ತು. ಕ್ಯಾಮೆರಾ ರಾಶಿ ಮೊಣಕಾಲು ದಾಟಿರಲಿಲ್ಲ.

ಒಂದೇ ಬೇಲಿನ ಲೆಕ್ಕ ನೋಡಿ. ಹಡಗಿನ ಬಾಡಿಗೆ, ಸುಂಕ, ವ್ಯಾಟ್, ಬಂದರಿನ ಖರ್ಚು, ನೈರೋಬಿವರೆಗಿನ ಲಾರಿ ಸೇರಿ ನಮಗೆ ಕಿಲೋಗೆ 90 ಸೆಂಟ್ ಬಿತ್ತು. ಖರೀದಿಯ 75 ಸೆಂಟ್ ಕೂಡಿಸಿದರೆ 1.65. ಅದನ್ನು 45ರಿಂದ ಗುಣಿಸಿ: 74.25 ಡಾಲರ್. ವಿಂಗಡಣೆಯ ಕೂಲಿ ಬೇಲಿಗೆ 2.25. ಒಟ್ಟು 76.50. ಹೊರಬಿದ್ದದ್ದು ಸರಾಸರಿ 9 ಕಿಲೋ ಕ್ಯಾಮೆರಾ, 16 ಕಿಲೋ ಎರಡನೇ ದರ್ಜೆ, 20 ಕಿಲೋ ಫಾಗಿಯಾ. ಕಿಲೋಗೆ 4 ಡಾಲರಿನಂತೆ 36, ಒಂದೂವರೆಯಂತೆ 24, 30 ಸೆಂಟಿನಂತೆ 6. ಕೈಗೆ ಬಂದದ್ದು 66. ಬೇಲಿಗೆ ಹತ್ತೂವರೆ ಡಾಲರ್ ಹೊಡೆತ, ಕಂಟೇನರಿಗೆ 5,775.

ಈಗ ನಾವು ಬಿಟ್ಟ ಇಂಗ್ಲೆಂಡಿನ ಬೇಲು. ಸರಕಿನ ಬೆಲೆ ಹೆಚ್ಚಾದ್ದರಿಂದ ಸುಂಕವೂ ತುಸು ಹೆಚ್ಚು. 90 ಸೆಂಟಿನ ಜಾಗದಲ್ಲಿ ಒಂದು ಡಾಲರ್ ಹಿಡಿಯಿರಿ. ಕಿಲೋಗೆ 2.25, ಬೇಲಿಗೆ 101.25. ಆಮೇಲೆ ಅದೇ ಕಡೆಯಿಂದ ತರಿಸಿದ ಬೇಲುಗಳಲ್ಲಿ ಸರಾಸರಿ 22 ಕಿಲೋ ಕ್ಯಾಮೆರಾ, 18 ಕಿಲೋ ಎರಡನೆಯದು, 5 ಕಿಲೋ ಫಾಗಿಯಾ ಸಿಕ್ಕಿತು: 88, 27, ಒಂದೂವರೆ. ಒಟ್ಟು 116.50. ಬೇಲಿಗೆ 15.25 ಉಳಿತು. ಎರಡರ ಅಂತರ 25.75, ಅದನ್ನು 550ರಿಂದ ಗುಣಿಸಿದರೆ 14 ಸಾವಿರ ದಾಟುತ್ತದೆ. ಹನ್ನೆರಡು ಸಾವಿರ ಉಳಿಸಿದ್ದಕ್ಕೆ ನಾವು ತೆತ್ತದ್ದು ಇಷ್ಟು, ಗೋಡೌನ್ ಬಾಡಿಗೆಯನ್ನೂ ಬಡ್ಡಿಯನ್ನೂ ಬಿಟ್ಟು. ಒಂಟಿ ಕೈಗವಸಿಗೂ ನಾವು ಹಡಗಿನ ಟಿಕೆಟ್ ಕೊಟ್ಟು ಕರೆಸಿಕೊಂಡಿದ್ದೆವು.

ದೇಶಗಳ ವಿಚಾರ ಬೇಗ ಮುಗಿಸುತ್ತೇನೆ. ಚೀನಾದ ಮಾಲು ಹೊಸದಾಗಿರುತ್ತದೆ, ಅಳತೆ ಬಿಗಿ. ಹುಡುಗರಿಗೆ ಆದೀತು, ಅಮ್ಮಂದಿರಿಗೆ ಆಗದು. ಅಮೆರಿಕದ್ದು ದೊಡ್ಡ ಸೈಜು. ಕೆನಡಾದ್ದರಲ್ಲಿ ದಪ್ಪ ಕೋಟು ಜಾಸ್ತಿ. ಜೂನ್, ಜುಲೈನಲ್ಲಿ ನೈರೋಬಿಯ ಚಳಿಗೆ ಜಾಕೆಟ್ ಹೋಗುತ್ತದೆ, ಮೊಂಬಾಸಾದ ಸೆಕೆಯಲ್ಲಿ ಯಾರಿಗೂ ಬೇಡ. ಕರಾಚಿ ಮತ್ತು ಶಾರ್ಜಾದಿಂದ ಬರುವುದು ಬೇರೆ ದೇಶಗಳ ಬಟ್ಟೆ, ಅಲ್ಲಿ ವಿಂಗಡಿಸಿದ್ದು. ನನ್ನ ಮಟ್ಟಿಗೆ ದೇಶಕ್ಕಿಂತ ವಿಂಗಡಿಸುವ ಶೆಡ್ಡಿನ ಮೇಸ್ತ್ರಿ ಮುಖ್ಯ.

ಮಾಲು ಚೆನ್ನಾಗಿದ್ದರೂ ಸರ್ಕಾರಗಳ ಮನಸ್ಸು ಯಾವಾಗ ತಿರುಗುತ್ತದೋ ಹೇಳಲಾಗದು. ರುವಾಂಡಾ 2016ರಲ್ಲಿ ಕಿಲೋಗೆ 20 ಸೆಂಟ್ ಇದ್ದ ಸುಂಕವನ್ನು ಎರಡೂವರೆ ಡಾಲರಿಗೆ ಏರಿಸಿತು. ಸ್ವಂತ ಜವಳಿ ಉದ್ಯಮ ಬೆಳೆಸುತ್ತೇವೆ ಎಂದಿತು; ಸಿಟ್ಟಾದ ಅಮೆರಿಕ 2018ರಲ್ಲಿ ರುವಾಂಡಾದ ಉಡುಪಿಗಿದ್ದ ಸುಂಕ ವಿನಾಯಿತಿಯನ್ನು ಅಮಾನತಿನಲ್ಲಿಟ್ಟಿತು. ಕೋವಿಡ್ ಹೆಸರಿನಲ್ಲಿ ಕೀನ್ಯಾ 2020ರ ಮಾರ್ಚಿನಲ್ಲಿ ಹಳೆ ಬಟ್ಟೆಯ ಆಮದನ್ನೇ ನಿಲ್ಲಿಸಿ ಆಗಸ್ಟಿನಲ್ಲಿ ಮತ್ತೆ ಬಿಟ್ಟಿತು. ದಾವಣಗೆರೆಯ ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡವನು ನಾನು; ರುವಾಂಡಾದವರನ್ನು ಬೈಯಲು ನಾಲಿಗೆ ಏಳುವುದಿಲ್ಲ. ಆದರೆ ಸಾಲ ಮಾಡಿ ಕಂಟೇನರ್ ತರಿಸಿದವನಿಗೆ ಕೀನ್ಯಾದಲ್ಲಿ ಆಮದು ನಿಂತ ಆ ಐದು ತಿಂಗಳ ಬಡ್ಡಿಯನ್ನು ಯಾರೂ ಮನ್ನಾ ಮಾಡಲಿಲ್ಲ.

ಈಗೀಗ ಇನ್ನೊಂದು ಪೀಡೆ ಶುರುವಾಗಿದೆ: ‘ಕಂಟೇನರಿನಲ್ಲಿ ಪಾಲು ಕೊಳ್ಳಿ, ತಿಂಗಳಿಗೆ ಶೇ 5 ಖಚಿತ.’ ವಾಟ್ಸ್‌ಆ್ಯಪಿನಲ್ಲಿ ನೀಟಾಗಿ ಮಡಿಸಿದ ಜೀನ್ಸುಗಳ ಫೋಟೊ, ನಾಲ್ಕು ಬಾವುಟ. ಯಾವ ಬಂದರು, ಯಾವ ಗ್ರೇಡ್, ಫಾಗಿಯಾ ಎಷ್ಟು ಎಂದು ಕೇಳಿದರೆ ಉತ್ತರದ ಬದಲು ಇನ್ನೊಂದು ಫೋಟೊ ಬರುತ್ತದೆ. ಬೇಲು ಬಿಚ್ಚುವ ಮೊದಲೇ ಲಾಭ ಗೊತ್ತಿರುವ ಪುಣ್ಯಾತ್ಮ ಬ್ಯಾಂಕಿನಲ್ಲಿ ಸಾಲ ಮಾಡಿ ಅಷ್ಟನ್ನೂ ತಾನೇ ಮಾಡಿಕೊಳ್ಳಬಹುದಲ್ಲ, ನಿಮ್ಮ ಗ್ರಾಚ್ಯುಟಿ ಯಾಕೆ ಬೇಕು?

ನಮ್ಮವರ ಒಂದು ಚಾಳಿಯನ್ನೂ ಹೇಳಿಬಿಡಬೇಕು. ಮಾರಿದ್ದನ್ನು ಬರೆದಿಡುತ್ತಾರೆ, ಎಸೆದದ್ದನ್ನು ಬರೆಯುವುದಿಲ್ಲ. ಭಾವಮೈದನ ಪುಸ್ತಕದಲ್ಲಿ ಫಾಗಿಯಾಕ್ಕೆ ಕಾಲಮ್ಮೇ ಇರಲಿಲ್ಲ. ಕಾಲಂ ಹಾಕಿಸಿ, ಪ್ರತಿ ಬೇಲಿನ ನಂಬರಿನ ಮುಂದೆ ಮೂರು ರಾಶಿಯ ತೂಕ ಬರೆಸಿದ ಮೇಲೆ ಯಾರ ಬೇಲು ಹೇಗೆಂದು ತಿಳಿಯತೊಡಗಿತು. ತಕ್ಕಡಿ ಇದ್ದದ್ದು ಗೋಡೌನಿನಲ್ಲೇ, ಬಾಗಿಲಿನ ಪಕ್ಕದಲ್ಲಿ.

ಇನ್ನು ಊರಿನವರ ಪ್ರಶ್ನೆ: ಕರ್ನಾಟಕಕ್ಕೆ ತರಿಸಬಹುದಾ? ಭಾರತದಲ್ಲಿ ತೊಟ್ಟ ಬಟ್ಟೆಯ ಆಮದು ನಿರ್ಬಂಧಿತ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಪರವಾನಗಿ ಇಲ್ಲದೆ ಮಾರಾಟಕ್ಕೆ ತರಿಸುವಂತಿಲ್ಲ. ಕಾಂಡ್ಲಾದ ವಿಶೇಷ ಆರ್ಥಿಕ ವಲಯದಲ್ಲಿ ಅನುಮತಿ ಪಡೆದ ಘಟಕಗಳಿವೆ. ಅಲ್ಲಿ ವಿಂಗಡಿಸಿದ್ದರಲ್ಲಿ ಬಹುಪಾಲು ಮತ್ತೆ ಆಫ್ರಿಕಾದ ಹಡಗು ಹತ್ತುತ್ತದೆ. ಪಾಣಿಪತ್ತಿಗೆ ಬರುವ ಉಣ್ಣೆ ಬಟ್ಟೆಯನ್ನು ತೊಡಲಾಗದಂತೆ ಕತ್ತರಿಸಿ ಚಿಂದಿ ಮಾಡಿರಬೇಕು. ಅದು ನೂಲಾಗಿ ಕಂಬಳಿಯಾಗುತ್ತದೆ. ಚಿಂದಿ ಎಂದು ಬರೆಸಿ ಜಾಕೆಟ್ ತರಿಸಿಕೊಡುತ್ತೇನೆ ಎಂದ ಏಜೆಂಟನನ್ನು ನಂಬಿ ಮುಂಗಡಕ್ಕೆ ಹಣ ಹೊಂದಿಸುತ್ತಿದ್ದ ಪರಿಚಯದವರೊಬ್ಬರು ನನ್ನನ್ನು ಕೇಳಿದ್ದು ಕಿಲೋ ದರ ಸರಿಯಿದೆಯಾ ಎಂದು ಮಾತ್ರ. ಕಸ್ಟಮ್ಸಿನವರು ಬೇಲು ಬಿಚ್ಚಿದರೆ ಮಾಲೂ ಹೋಗುತ್ತದೆ, ದಂಡವೂ ಬೀಳುತ್ತದೆ, ಅದನ್ನೂ ಕಿಲೋಗೆ ಹಂಚಿ ನೋಡಿ ಎಂದೆ.