ಹಸಿರು ಬಾಟಲಿ ಬಚ್ಚಿಡಿ

ವರ್ಣಚಕ್ರ ಬಾಯಿಪಾಠ ಮಾಡಿಸುವ ವಿಷಯವಲ್ಲ. ಪುಣೆಯ ವಿಮಾನ ನಗರದ ಫ್ಲ್ಯಾಟಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಮನೆಗಳಿಗೆ ಬೇಕಾದ ಸಾಮಾನು ಅಡುಗೆಮನೆ, ಬೀರು, ಬಾಲ್ಕನಿಯಲ್ಲೇ ಇದೆ.

1. ಮೊದಲ ವಾರ ಕೆಂಪು, ಹಳದಿ, ನೀಲಿ, ಬಿಳಿ ಬಣ್ಣದ ಬಾಟಲಿಗಳು ಮಾತ್ರ ಹೊರಗಿರಲಿ. ಎಲೆ ಬರೆಯಲು ಹಸಿರೆಲ್ಲಿ ಎಂದು ಮಗು ಕೇಳಿದಾಗ ಪಾಠ ಶುರು.

2. ಹಳದಿಗೆ ನೀಲಿಯನ್ನು ಹನಿಹನಿಯಾಗಿ ಸೇರಿಸಿ. ಗಾಢ ಬಣ್ಣ ತಿಳಿಬಣ್ಣವನ್ನು ಬೇಗ ನುಂಗುತ್ತದೆ. ಪ್ರತಿ ಹನಿಗೂ ಕಾಗದದ ಮೇಲೊಂದು ಚುಕ್ಕೆ ಇಡಿಸಿ. ಬಾಳೆಯ ಸುಳಿಯಿಂದ ಹಲಸಿನ ಎಲೆಯವರೆಗಿನ ಹಸಿರುಗಳು ಸಾಲಾಗಿ ಬರುತ್ತವೆ.

3. ಕೆಂಪು, ನೀಲಿ ಬೆರೆಸಿದ ನೇರಳೆ ಮಂಕಾಯಿತೆಂದು ಮಗುವನ್ನು ಗದರಬೇಡಿ. ತಪ್ಪು ಕಿತ್ತಳೆಯ ಕಡೆ ವಾಲಿದ ಕೆಂಪಿನದು. ರಾಣಿ ಬಣ್ಣ, ಅಂದರೆ ಮೆಜೆಂಟಾ, ಕೊಟ್ಟು ನೋಡಿ. ಮುದ್ರಣದಲ್ಲೂ ಬಳಸುವುದು ಮೆಜೆಂಟಾ ಶಾಯಿಯನ್ನೇ.

4. ಅಜ್ಜಿಯ ಗುಳೇದಗುಡ್ಡದ ಖಣ ಹೊರತೆಗೆಯಿರಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕವಿಲ್ಲ. ಬಾಗಲಕೋಟೆ ಜಿಲ್ಲೆಯ ಈ ಬಟ್ಟೆಗೆ ಮಹಾರಾಷ್ಟ್ರದಲ್ಲೂ ಪ್ರೀತಿಯಿದೆ, ಪಕ್ಕದ ಮರಾಠಿ ಮನೆಯಲ್ಲೂ ಸಿಕ್ಕೀತು. ಉದ್ದದ ಹಾಸು ಎಳೆಗೆ ಒಂದು ಬಣ್ಣ, ಅಡ್ಡದ ಹೊಕ್ಕು ಎಳೆಗೆ ಇನ್ನೊಂದು ಇರುವ ಖಣವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದರೆ ಬಣ್ಣ ತಿರುಗುತ್ತದೆ. ಭೂತಗನ್ನಡಿಯಲ್ಲಿ ಎರಡು ಬಣ್ಣದ ಎಳೆ, ದೂರ ನಿಂತರೆ ಮೂರನೆಯದೇ ಬಣ್ಣ. ಬಳಿಕ ಕೆಂಪು, ನೀಲಿ ಕಾಗದದ ಸಣ್ಣ ಪಟ್ಟಿಗಳನ್ನು ಚಾಪೆಯಂತೆ ಹೆಣೆಸಿ ಗೋಡೆಗಂಟಿಸಿ. ಮಗು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ನೋಡಲಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್, ಒಂದು ಬಣ್ಣ ಪಕ್ಕದ ಬಣ್ಣವನ್ನು ಹೇಗೆ ಬದಲಿಸಿ ತೋರಿಸುತ್ತದೆಂದು 1839ರಲ್ಲಿ ಗ್ರಂಥ ಬರೆದದ್ದೂ ನೇಯ್ಗೆ ಕಾರ್ಖಾನೆಯ ಎಳೆಗಳನ್ನು ನೋಡಿಯೇ.

5. ಅರಿಶಿನದ ನೀರಿಗೆ ಅಡುಗೆ ಸೋಡಾ ಹಾಕಿದರೆ ಕೆಂಪು, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆರತಿಯ ಓಕುಳಿಯ ಗುಟ್ಟೂ ಇದೇ, ಅಲ್ಲಿ ಸೋಡಾದ ಬದಲು ಸುಣ್ಣ. ಆದರೆ ಅದು ಮಕ್ಕಳ ಕೈಗೆ ಬೇಡ, ಚರ್ಮ, ಕಣ್ಣು ಸುಟ್ಟೀತು. ಇಲ್ಲಿ ನಡೆದದ್ದು ಬಣ್ಣಗಳ ಬೆರಕೆಯಲ್ಲ, ಅರಿಶಿನವೇ ಬದಲಾದದ್ದು ಎಂಬುದನ್ನೂ ಹೇಳಿ.

6. ಕತ್ತಲಾದ ಮೇಲೆ ಬಾಲ್ಕನಿಗೆ ಬನ್ನಿ. ಲೋಹೆಗಾಂವ್ ನಿಲ್ದಾಣಕ್ಕೆ ಇಳಿಯುವ ವಿಮಾನದ ಎಡರೆಕ್ಕೆಗೆ ಕೆಂಪು ದೀಪ, ಬಲರೆಕ್ಕೆಗೆ ಹಸಿರು. ಒಳಗೆ ಹೋಗಿ ಎರಡು ಟಾರ್ಚಿಗೆ ಅವೇ ಬಣ್ಣದ ಜಿಲೆಟಿನ್ ಹಾಳೆ ಕಟ್ಟಿ, ಬಿಳಿ ಗೋಡೆಯ ಮೇಲೆ ಒಂದೇ ಕಡೆ ಬಿಡಿ. ಗೋಡೆ ಹಳದಿ! ತಟ್ಟೆಯಲ್ಲಿ ಅವೇ ಬಣ್ಣದ ಪೇಂಟು ಬೆರೆತರೆ ಕಂದು. ಬೆಳಕಿಗೆ ಬೆಳಕು ಕೂಡುತ್ತದೆ. ಪೇಂಟು ಬೆಳಕನ್ನು ಹೀರುತ್ತದೆ.

7. ತಟ್ಟೆಯಲ್ಲಿ ಉಳಿದ ರಾಡಿ ಚೆಲ್ಲಬೇಡಿ. ಬಿಳಿ ಸೇರಿಸುತ್ತ ಹೋದರೆ ಬಂಡೆಗೆ, ಮರದ ಬೊಡ್ಡೆಗೆ, ಉತ್ತ ಹೊಲಕ್ಕೆ ಬೇಕಾದ ಬಣ್ಣ ಸಿಗುತ್ತದೆ. ಅದಕ್ಕೆ ಹೆಸರು ಮಗುವೇ ಇಡಲಿ.