ಒಂದು ತಂತಿ, ಹಲವು ಜಾಲ

‘ಟ್ರಂಕ್’ ಎಂಬ ಶಬ್ದವು ನಮ್ಮ ಹಿರಿಯರಿಗೆ ಹೊಸದಲ್ಲ. ೧೯೬೦ರಲ್ಲಿ ಕಾನ್ಪುರ-ಲಖನೌಗಳ ನಡುವೆ ದೇಶದ ಮೊದಲ ಎಸ್.ಟಿ.ಡಿ. ಬಂತು. ಆ ಸೌಕರ್ಯವು ಎಲ್ಲೆಡೆ ಹರಡುವವರೆಗೆ ಪರಊರಿನವರೊಡನೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾಗಿತ್ತು. ಎರಡು ಊರುಗಳ ಎಕ್ಸ್‌ಚೇಂಜುಗಳನ್ನು ಕೂಡಿಸುವ, ಎಲ್ಲರಿಗೂ ಸಮಾನವಾದ ತಂತಿಯೇ ಟ್ರಂಕ್. ಗಣಕಯಂತ್ರಗಳ ಜಾಲದಲ್ಲಿಯೂ ಈ ಶಬ್ದಕ್ಕೆ ಹೆಚ್ಚುಕಡಿಮೆ ಇದೇ ಅರ್ಥವಿದೆ. ವಿಷಯವು ಯಂತ್ರದ್ದಾದರೂ ತತ್ತ್ವವು ಸರಳವಾದುದರಿಂದ, ಕಲಾ ವಿದ್ಯಾರ್ಥಿಗಳಾದ ನಾವೂ ಅದನ್ನು ಗ್ರಹಿಸಬಹುದು.

ಗಣಕಯಂತ್ರಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎಂದೂ, ಒಂದೊಂದು ತಂತಿಯ ಬಾಗಿಲಿಗೆ ಪೋರ್ಟ್ ಎಂದೂ ಹೆಸರು. ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳನ್ನಾಗಿ ವಿಂಗಡಿಸಬಹುದು, ಇವೇ ವಿಲ್ಯಾನ್‌ಗಳು. ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ಎರಡು ಕಟ್ಟಡ, ಎರಡು ಸ್ವಿಚ್. ಕಚೇರಿಗೆ ೧೦, ಗ್ರಂಥಾಲಯಕ್ಕೆ ೨೦, ವಿದ್ಯಾರ್ಥಿಗಳ ಪ್ರಯೋಗಶಾಲೆಗೆ ೩೦ ಎಂಬ ವಿಲ್ಯಾನ್ ಸಂಖ್ಯೆಗಳು. ಈ ಮೂರೂ ಎರಡು ಕಟ್ಟಡಗಳಲ್ಲಿಯೂ ಬೇಕು.

ಆಕ್ಸೆಸ್ ಪೋರ್ಟ್ ಒಂದೇ ವಿಲ್ಯಾನಿಗೆ ಸೇರಿದ್ದು. ಅದರಲ್ಲಿ ಬರುವ ಮಾಹಿತಿಯ ಕಟ್ಟಿಗೆ, ಅಂದರೆ ಫ್ರೇಮಿಗೆ, ಯಾವ ಗುರುತೂ ಇರುವುದಿಲ್ಲ. ಯಾವ ಬಾಗಿಲಿನಿಂದ ಬಂತೆಂಬುದರ ಮೇಲೆ ಸ್ವಿಚ್ ಅದರ ಜಾಲವನ್ನು ನಿರ್ಣಯಿಸುತ್ತದೆ. ಒಂದು ಗಣಕಯಂತ್ರಕ್ಕೆ ಇಷ್ಟು ಸಾಕು. ಆದರೆ ಎರಡು ಸ್ವಿಚ್ಚುಗಳನ್ನೇ ಹೀಗೆ ಕೂಡಿಸಹೊರಟರೆ ಮೂರು ಜಾಲಗಳಿಗೆ ಮೂರು ತಂತಿ, ಆರು ಪೋರ್ಟುಗಳು ವ್ಯಯವಾಗುತ್ತವೆ.

ಟ್ರಂಕ್ ಲಿಂಕಿಗೆ ಒಂದೇ ತಂತಿ ಸಾಕು. ಒಂದೇ ಬಸ್ಸಿನಲ್ಲಿ ಹೋಗುವ ಟಪಾಲು ಚೀಲಗಳಿಗೆ ಊರಿನ ಚೀಟಿ ಕಟ್ಟುವಂತೆ, ಇಲ್ಲಿ ಫ್ರೇಮಿಗೆ ೪ ಬೈಟುಗಳ ಟ್ಯಾಗ್ ಸೇರುತ್ತದೆ. ೧೯೯೮ರಲ್ಲಿ ಪ್ರಕಟವಾದ ಐಇಇಇ ೮೦೨.೧ಕ್ಯೂ ಎಂಬ ಮಾನಕವು ಇದರ ಕ್ರಮವನ್ನು ವಿಧಿಸಿತು. ಟ್ಯಾಗಿನ ೧೨ ಬಿಟ್‌ಗಳು ವಿಲ್ಯಾನ್ ಸಂಖ್ಯೆಗೆ ಮೀಸಲು. ಅವುಗಳಿಂದ ೪೦೯೬ ಸಂಖ್ಯೆಗಳಾಗುತ್ತವೆ. ಮೊದಲನೆಯದನ್ನೂ ಕೊನೆಯದನ್ನೂ ಕಳೆದರೆ ೪೦೯೪ ಬಳಕೆಗೆ ಉಳಿಯುತ್ತವೆ. ಆಚೆಯ ಸ್ವಿಚ್ ಚೀಟಿಯನ್ನು ಓದಿ, ಅದನ್ನು ತೆಗೆದು, ಫ್ರೇಮನ್ನು ತಕ್ಕ ಪೋರ್ಟಿಗೆ ಒಪ್ಪಿಸುತ್ತದೆ.

ಇದು ಕೇವಲ ತಂತಿಯ ಉಳಿತಾಯದ ಮಾತಲ್ಲ. ಸ್ವಿಚ್ಚುಗಳನ್ನು ಕೂಡಿಸುವ ತಂತಿಯ ಒಂದು ತುದಿ ೧೦ರ ಆಕ್ಸೆಸ್ ಪೋರ್ಟಿನಲ್ಲಿಯೂ ಇನ್ನೊಂದು ೩೦ರದರಲ್ಲಿಯೂ ಇದ್ದರೆ ಏನಾದೀತು? ದೀಪ ಉರಿಯುತ್ತದೆ, ಎಲ್ಲವೂ ಸರಿಯಿದ್ದಂತೆ ತೋರುತ್ತದೆ; ಆದರೆ ಗುರುತಿಲ್ಲದ ಫ್ರೇಮುಗಳು ದಾಟಿ ಎರಡು ಜಾಲಗಳು ಒಂದಾಗಬಹುದು. ಅಂಕಪಟ್ಟಿಗಳಿರುವ ಕಚೇರಿಯ ಜಾಲವು ಪ್ರಯೋಗಶಾಲೆಗೆ ತೆರೆದುಕೊಂಡಂತಾಯಿತು. ಟ್ರಂಕಿನಲ್ಲಿಯೂ ಎಚ್ಚರ ಬೇಕು: ಟ್ಯಾಗಿಲ್ಲದ ಫ್ರೇಮುಗಳು ಸೇರುವ ನೇಟಿವ್ ವಿಲ್ಯಾನ್ ಎರಡು ತುದಿಗಳಲ್ಲಿಯೂ ಒಂದೇ ಆಗಿರಬೇಕು, ಅಗತ್ಯವಾದ ವಿಲ್ಯಾನ್‌ಗಳಿಗೆ ಮಾತ್ರ ದಾರಿ ಬಿಡಬೇಕು.

ಆದುದರಿಂದ ಗಣಕಯಂತ್ರಕ್ಕೆ ಆಕ್ಸೆಸ್ ಪೋರ್ಟ್, ಹಲವು ಜಾಲಗಳನ್ನು ಹೊತ್ತ ಸ್ವಿಚ್ಚುಗಳ ನಡುವೆ ಟ್ರಂಕ್ ಎಂಬುದೇ ಸಾಮಾನ್ಯ ನಿಯಮ. ಪ್ರತ್ಯೇಕತೆಗೆ ಬೇಕಾದುದು ಪ್ರತ್ಯೇಕ ದಾರಿಯಲ್ಲ, ತಪ್ಪಿಲ್ಲದ ಗುರುತು.